ಅಡುಗೆಮನೆಯ ಕಿವಿಮಾತು: ಹೆಚ್ಚುವ ಮಣೆಯ ಹಳದಿ ಕಲೆ



ಮೊದಲೆಲ್ಲ ಕಾಯಿಪಲ್ಲೆ ಹೆಚ್ಚಲು ಈಳಿಗೆಯೊಂದಿದ್ದರೆ ಸಾಕಾಗಿತ್ತು. ಈಗ ಬಹಳಷ್ಟು ಮನೆಗಳಲ್ಲಿ ಚಾಕು ಮತ್ತು ಬಿಳಿ ಪ್ಲಾಸ್ಟಿಕ್ ಮಣೆ ಬಂದಿವೆ. ಮಣೆ ಹಗುರ, ತೊಳೆಯಲೂ ಸುಲಭ. ಆದರೆ ಒಮ್ಮೆ ಅದರ ಮೇಲೆ ಕೊತ್ತಂಬರಿ ವಡಿ ಕತ್ತರಿಸಿದರೆ ಅರಿಶಿನದ ಹಳದಿ ಕೂತುಬಿಡುತ್ತದೆ. ಬರಿಯ ನೀರಿಗೆ ಅದು ಜಗ್ಗುವುದಿಲ್ಲ. ಅರಿಶಿನದ ಬಣ್ಣ ಕರಗುವುದು ನೀರಿನಲ್ಲಲ್ಲ, ಎಣ್ಣೆಯಲ್ಲಿ. ಇದನ್ನು ತಿಳಿದು ಕೆಲಸಕ್ಕೆ ತೊಡಗಿದರೆ ಶ್ರಮ ಉಳಿಯುತ್ತದೆ.

1. ಕಲೆಯ ಮೇಲೆ ನಾಲ್ಕು ಹನಿ ಶೇಂಗಾ ಎಣ್ಣೆ ಸವರಿ 10 ನಿಮಿಷ ಬಿಡಿ. ನಂತರ ಸಾಬೂನು ಮತ್ತು ಬಿಸಿನೀರಿನಿಂದ ಜಿಡ್ಡು ಹೋಗುವಂತೆ ತೊಳೆಯಿರಿ.

2. ಕಲೆ ಇನ್ನೂ ಉಳಿದಿದ್ದರೆ ಉಪ್ಪು ಉದುರಿಸಿ, ನಿಂಬೆ ಹೋಳಿನಿಂದ ಉಜ್ಜಿರಿ. ಕಾಲು ಗಂಟೆಯ ನಂತರ ತೊಳೆಯಿರಿ.

3. ಟೊಮ್ಯಾಟೊ ಕಲೆಗೆ, ಹಳೆಯ ವಾಸನೆಗೆ ಅಡುಗೆ ಸೋಡಾ ಒಳ್ಳೆಯದು. ಎರಡು ಚಮಚ ಸೋಡಾಕ್ಕೆ ಸ್ವಲ್ಪ ನೀರು ಬೆರೆಸಿ, ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿರಿ. ಆಗ ಅರಿಶಿನದ ಕಲೆ ಕೆಂಪಾದರೆ ಗಾಬರಿ ಬೇಡ. ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುತ್ತದಲ್ಲ, ಇದೂ ಅದೇ ಗುಣ. ಸೋಡಾ ಮತ್ತು ನಿಂಬೆರಸವನ್ನು ಒಟ್ಟಿಗೆ ಹಾಕಬೇಡಿ. ನೊರೆ ಬರುತ್ತದೆ, ಆದರೆ ಒಂದರ ಗುಣವನ್ನು ಇನ್ನೊಂದು ಕಳೆಯುತ್ತದೆ.

4. ಕೊನೆಗೆ ತೊಳೆದ ಮಣೆಯನ್ನು ಎರಡು-ಮೂರು ಗಂಟೆ ಬಿಸಿಲಿಗಿಡಿ. ಅರಿಶಿನದ ಬಣ್ಣ ಬಿಸಿಲಿಗೆ ತಾಳುವುದಿಲ್ಲ. ನಮ್ಮ ಸೊಲ್ಲಾಪುರ, ಜತ್ತ ಕಡೆಯ ಬಿಸಿಲಿಗಂತೂ ಇದು ಹೇಳಿ ಮಾಡಿಸಿದ ಕೆಲಸ! ಆದರೆ ದಿನಗಟ್ಟಲೆ ಅಲ್ಲೇ ಬಿಡಬೇಡಿ, ಪ್ಲಾಸ್ಟಿಕ್ ಪೆಡಸಾಗುತ್ತದೆ.

ಒಂದು ಎಚ್ಚರಿಕೆಯ ಮಾತು. ಕೆಲವರು ಬಟ್ಟೆ ಬಿಳುಪು ಮಾಡುವ ಬ್ಲೀಚಿಂಗ್ ದ್ರಾವಣವನ್ನು ಮಣೆಗೂ ಬಳಸುತ್ತಾರೆ. ಅದಕ್ಕೆ ನಿಂಬೆರಸವಾಗಲಿ, ವಿನೆಗರ್ ಆಗಲಿ ಎಂದಿಗೂ ಬೆರೆಸಕೂಡದು. ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಮೂಗು, ಗಂಟಲು ಉರಿಯತೊಡಗಿದರೆ ಮಕ್ಕಳನ್ನು ಕರೆದುಕೊಂಡು ಕೂಡಲೇ ಹೊರಗೆ ಬನ್ನಿ. ಉಸಿರು ಕಟ್ಟಿದಂತಾದರೆ ವೈದ್ಯರ ಬಳಿಗೆ ಹೋಗಿರಿ.

ಇನ್ನೊಂದು ಮಾತು: ಕಲೆ ಬೇರೆ, ಕೊಳೆ ಬೇರೆ. ಅರಿಶಿನದ ಹಳದಿ ಉಳಿದರೆ ಆರೋಗ್ಯಕ್ಕೆ ಕೇಡಿಲ್ಲ. ಕೇಡಿರುವುದು ಚಾಕುವಿನ ಗೀರುಗಳಲ್ಲಿ. ಬೆರಳಾಡಿಸಿ ನೋಡಿ. ಗೀರು ಆಳವಾಗಿ, ಬ್ರಷ್ ಒಳಗೆ ತಲುಪದಿದ್ದರೆ, ಮಣೆ ಬೆಳ್ಳಗಿದ್ದರೂ ಅದನ್ನು ಬದಲಿಸುವುದೇ ಲೇಸು.

ದಿನವೂ ತೊಳೆದ ಮೇಲೆ ಒರೆಸಿ, ಗಾಳಿಯಾಡುವಂತೆ ನಿಲ್ಲಿಸಿ ಇಡಿ. ಒದ್ದೆ ಮಣೆಯಲ್ಲಿ ಬೂಷ್ಟು ಹುಟ್ಟುತ್ತದೆ. ಹುಟ್ಟಿದ ಮೇಲೆ ಉಜ್ಜಿ ತೆಗೆಯುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದೇ ನೀರನ್ನು ಸೋಸಿ ಕುಡಿಯುವ ನಮ್ಮ ಮನೆಗಳಿಗೆ ಒಪ್ಪುವ ರೀತಿ.