ಆಕಾಶಗಂಗೆಯ ದರ್ಶನ

ಆಕಾಶಗಂಗೆಯ ಹೆಸರನ್ನು ಕೇಳದ ಮನೆಯಿಲ್ಲ. ಅದನ್ನು ಕಣ್ಣಾರೆ ಕಂಡ ಮಕ್ಕಳು ಮಾತ್ರ ದಿನೇ ದಿನೇ ವಿರಳವಾಗುತ್ತಿರುವರು. ಆದುದರಿಂದ ಅದರ ಸ್ವರೂಪವೇನು, ಅದನ್ನು ಯಾವಾಗ, ಹೇಗೆ ನೋಡಬೇಕು ಎಂಬುದನ್ನು ಕುರಿತು ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯುವೆವು.

ಚಂದ್ರನಿಲ್ಲದ ನಿರ್ಮಲವಾದ ರಾತ್ರಿಯಲ್ಲಿ, ದೀಪಗಳಿಂದ ದೂರವಾದ ಬಯಲಿನಲ್ಲಿ ನಿಂತು ನೋಡಿದರೆ, ಮಸುಕು ಬಿಳುಪಿನ ಪಟ್ಟಿಯೊಂದು ಆಕಾಶಕ್ಕೆ ಅಡ್ಡಲಾಗಿ ಹಬ್ಬಿರುವುದು ಕಾಣುವುದು. ಮೊದಲ ನೋಟಕ್ಕೆ ಅದು ತೆಳುಮೋಡವೆಂದೇ ಭ್ರಮೆಯಾಗುವುದು. ಆದರೆ ಮೋಡವು ಚದರಿ ಹೋಗುವುದು. ಇದು ನಕ್ಷತ್ರಗಳೊಡನೆಯೇ ಉದಯಿಸಿ ಅವುಗಳೊಡನೆಯೇ ಅಸ್ತಮಿಸುವುದು. ದೂರದರ್ಶಕದಿಂದ ಇದನ್ನು ಪರೀಕ್ಷಿಸಿದ ಇಟಲಿಯ ಗೆಲಿಲಿಯೋ, ಈ ಬಿಳುಪು ಎಣಿಸಲಾಗದಷ್ಟು ನಕ್ಷತ್ರಗಳ ಸಮೂಹವೆಂದು 1610ರಲ್ಲಿ ಪ್ರಕಟಿಸಿದನು.

ಹಾಗಾದರೆ ಅವು ಪಟ್ಟಿಯಾಗಿಯೇ ಏಕೆ ಕಾಣಬೇಕು? ನಮ್ಮ ಸೂರ್ಯನೂ ಸೇರಿರುವ ಮಹಾ ನಕ್ಷತ್ರಸಮುದಾಯಕ್ಕೆ ಗೆಲಾಕ್ಸಿಯೆಂದು ಹೆಸರು. ಅದು ಹೋಳಿಗೆಯಂತೆ ಅಗಲವಾಗಿ, ತೆಳುವಾಗಿ, ನಡುವೆ ಮಾತ್ರ ಉಬ್ಬಿರುವುದು. ಅದರ ಅಡ್ಡಳತೆ ಸುಮಾರು 1,00,000 ಜ್ಯೋತಿರ್ವರ್ಷಗಳು. ಅದರಲ್ಲಿರುವ ನಕ್ಷತ್ರಗಳು 10,000 ಕೋಟಿಗೆ ಕಡಿಮೆಯಿಲ್ಲ. ಸೂರ್ಯನು ಅದರ ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷಗಳ ದೂರದಲ್ಲಿರುವನು. ಅಡಕೆಯ ತೋಟದ ನಡುವೆ ನಿಂತವನಿಗೆ ಸುತ್ತಲಿನ ಮರಗಳು ಒಂದರ ಹಿಂದೊಂದು ಸೇರಿ ಗೋಡೆಯಂತೆ ತೋರುವುವು, ತಲೆಯೆತ್ತಿದರೆ ಬಯಲು. ಹಾಗೆಯೇ ಗೆಲಾಕ್ಸಿಯ ಅಗಲದುದ್ದಕ್ಕೂ ನೋಡಿದಾಗ ನಕ್ಷತ್ರಗಳು ಬೆರೆತು ಪಟ್ಟಿಯಾಗುವುವು. ಬೇರೆ ದಿಕ್ಕುಗಳಲ್ಲಿ ವಿರಳವಾಗುವುವು. ಪಟ್ಟಿಯ ನಡುವಣ ಕಪ್ಪು ಬಿರುಕುಗಳು ಬರಿದಾದ ಸ್ಥಳಗಳಲ್ಲ. ಹಿಂದಿನ ಬೆಳಕನ್ನು ಮರೆಮಾಡುವ ಧೂಳಿನ ಮೇಘಗಳು.

ನಮ್ಮ ಸೀಮೆಯಲ್ಲಿ ಇದರ ದರ್ಶನಕ್ಕೆ ಎರಡು ಕಾಲಗಳು ಉತ್ತಮ. ಯುಗಾದಿಯ ಅಮಾವಾಸ್ಯೆಯ ಸುಮಾರಿನಲ್ಲಿ ಬೆಳಗಿನ ಜಾವ 4 ಗಂಟೆಗೆದ್ದು ದಕ್ಷಿಣಕ್ಕೆ ಮುಖಮಾಡಿರಿ. ವೃಶ್ಚಿಕದ ಬಾಲದಲ್ಲಿರುವ ಮೂಲಾ ನಕ್ಷತ್ರಕ್ಕೂ ಧನುರಾಶಿಗೂ ಸಮೀಪದಲ್ಲಿ ಪಟ್ಟಿಯು ಅಗಲವಾಗಿ ಬೆಳಗುವುದು. ಗೆಲಾಕ್ಸಿಯ ಕೇಂದ್ರವು ಆ ದಿಕ್ಕಿನಲ್ಲಿಯೇ ಇರುವುದು. ದೀಪಾವಳಿಯ ದಿನಗಳಲ್ಲಿ ಸಂಜೆ ಏಳೂವರೆಗೆ ನೈರುತ್ಯದಿಂದ ಹೊರಟು, ಶ್ರವಣ ನಕ್ಷತ್ರದ ಬಳಿ ಹಾದು, ಈಶಾನ್ಯಕ್ಕೆ ಇಳಿಯುವುದು. ಮಾಘಮಾಸದ ಸಂಜೆ ಆರ್ದ್ರಾ ನಕ್ಷತ್ರದ ಪಕ್ಕದಲ್ಲಿ ಕಾಣುವ ಭಾಗವು ಬಹಳ ಮಂದ; ಆಗ ನಾವು ಕೇಂದ್ರಕ್ಕೆ ಬೆನ್ನುಮಾಡಿ ಹೊರಗಡೆಗೆ ನೋಡುತ್ತಿರುವೆವು.

ಕಣ್ಣು ಕತ್ತಲೆಗೆ ಒಗ್ಗಲು 20–30 ನಿಮಿಷ ಬೇಕು. ಅಷ್ಟರೊಳಗೆ ಮೊಬೈಲನ್ನು ಬೆಳಗಿಸಿದರೆ ಕಾದುದೆಲ್ಲ ವ್ಯರ್ಥ. ಛಾಯಾಚಿತ್ರಗಳಲ್ಲಿರುವ ಬಣ್ಣಗಳನ್ನು ನಿರೀಕ್ಷಿಸಬೇಡಿರಿ. ಕ್ಯಾಮರವು ಬೆಳಕನ್ನು ಬಹಳ ಹೊತ್ತು ಕೂಡಿಡಬಲ್ಲುದು. ಮಂದವಾದ ಬೆಳಕಿನಲ್ಲಿ ಮನುಷ್ಯನ ಕಣ್ಣಿಗೆ ಬಣ್ಣಗಳು ತಿಳಿಯವು.

ಲೋಕದ ಜನರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವರಿಗೆ ತಮ್ಮ ಮನೆಯಿರುವಲ್ಲಿಂದ ಆಕಾಶಗಂಗೆಯು ಕಾಣದೆಂದು 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ತಿಳಿಸಿತು. ಬೀದಿಗೂ ಅಂಗಳಕ್ಕೂ ಬೇಕಾದ ಬೆಳಕು ವ್ಯರ್ಥವಾಗಿ ಮೇಲಕ್ಕೆ ಚೆಲ್ಲುವುದೇ ಇದಕ್ಕೆ ಕಾರಣ. ಈ ಕತ್ತಲೆಯನ್ನು ಕಾಪಾಡುವುದಕ್ಕಾಗಿಯೇ 2022ರಲ್ಲಿ ಲಡಾಖಿನ ಹಾನ್ಲೆಯ ಸುತ್ತಣ ಪ್ರದೇಶವನ್ನು ಮೀಸಲಾಗಿಟ್ಟರು. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ವೀಕ್ಷಣಾಲಯವು ಅಲ್ಲಿಯೇ ಇರುವುದು.

ಗೃಹಸ್ಥರು ಇಷ್ಟನ್ನಾದರೂ ಮಾಡಬಹುದು: ಹೊರದೀಪಕ್ಕೆ ಮೇಲುಗಡೆ ಮರೆ ಕಟ್ಟಿ, ಬೇಡದ ಹೊತ್ತಿನಲ್ಲಿ ಆರಿಸುವುದು. ಪಟ್ಟಣದವರು ಮುಂದಿನ ರಜೆಯಲ್ಲಿ ಹಳ್ಳಿಯ ನೆಂಟರ ಮನೆಗೆ ಹೋಗುವಾಗ ಪಂಚಾಂಗದಲ್ಲಿ ಅಮಾವಾಸ್ಯೆಯನ್ನು ನೋಡಿಕೊಂಡು ಹೊರಡಲಿ. ಮಕ್ಕಳನ್ನು ಒಂದು ರಾತ್ರಿ ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿಕೊಂಡು ಆಕಾಶವನ್ನು ತೋರಿಸಲಿ.