ಸೋರೆ ಬುರುಡೆಯ ಅಂಬಲಿ

ಮಕ್ಕಳೇ, ನಮ್ಮ ಹೊಸಪೇಟೆಯಲ್ಲಿ ಬಿಸಿಲು ಶುರುವಾಯಿತು. ಹಂಪಿ ನೋಡಲು ಬಂದವರು ಹನ್ನೊಂದು ಗಂಟೆಗೆಲ್ಲ ಬಂಡೆಯ ನೆರಳು ಹುಡುಕುತ್ತಾರೆ. ಮೊನ್ನೆ ನೈಜೀರಿಯಾದಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗ ಫೋನ್ ಮಾಡಿ, "ಮಾವ, ಇಲ್ಲೂ ಅಂಬಲಿ ಸಿಗ್ತದೆ!" ಎಂದ.

ಅದರ ಹೆಸರು 'ಫುರಾ ದ ನೋನೊ'. ಹೌಸಾ ಭಾಷೆಯಲ್ಲಿ ಫುರಾ ಎಂದರೆ ಸಜ್ಜೆ ಹಿಟ್ಟಿನ ಉಂಡೆ, ನೋನೊ ಎಂದರೆ ಹುಳಿ ಬಂದ ಹಾಲು. ಸಜ್ಜೆ ಹಿಟ್ಟಿಗೆ ಶುಂಠಿ, ಲವಂಗ, ಮೆಣಸು ಸೇರಿಸಿ ಉಂಡೆ ಕಟ್ಟಿ ಬೇಯಿಸುತ್ತಾರೆ. ಬೆಂದದ್ದನ್ನು ಒರಳಿಗೆ ಹಾಕಿ ಚೆನ್ನಾಗಿ ಕುಟ್ಟಿ, ಮತ್ತೆ ಉಂಡೆ ಮಾಡುತ್ತಾರೆ. ಕುಡಿಯುವಾಗ ಆ ಹಾಲಿನಲ್ಲಿ ಕಿವುಚಿಕೊಂಡರಾಯಿತು. ಬೇಕಾದವರು ಸಕ್ಕರೆ ಹಾಕಿಕೊಳ್ಳುತ್ತಾರೆ. ದನ ಸಾಕುವ ಫುಲಾನಿ ಹೆಂಗಸರು ಹಾಲನ್ನು ದೊಡ್ಡ ಸೋರೆ ಬುರುಡೆಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತಂದು ಮಾರುತ್ತಾರೆ.

ಸಜ್ಜೆಯನ್ನು ಮೊದಲು ಬೆಳೆ ಮಾಡಿದವರೇ ಪಶ್ಚಿಮ ಆಫ್ರಿಕಾದವರು, 4000 ವರ್ಷಕ್ಕೂ ಹಿಂದೆ. ನಾವು ನಮ್ಮದೇ ಎಂದು ಬೀಗುವ ಬಿಳಿಜೋಳ, ರಾಗಿ ಕೂಡ ಆಫ್ರಿಕಾದಿಂದ ಬಂದವು. ಮೆಕ್ಕೆಜೋಳದ ಕಥೆ ಬೇರೆ, ಅದು ಅಮೆರಿಕದ್ದು.

ನಮ್ಮ ಅವ್ವ ಜೋಳದ ಅಂಬಲಿ ಮಾಡುತ್ತಿದ್ದಳು. ರಾತ್ರಿಯೇ ಹಿಟ್ಟನ್ನು ನೀರಲ್ಲಿ ಕಲಸಿ ಮುಚ್ಚಿಡುವುದು. ಬೆಳಿಗ್ಗೆ ಸಣ್ಣಗೆ ಹುಳಿ ವಾಸನೆ ಬಂದಿರುತ್ತದೆ. ಕುದಿಯುವ ನೀರಿಗೆ ಅದನ್ನು ಸುರಿದು, ಗಂಟಾಗದಂತೆ ಕೈ ಬಿಡದೆ ತಿರುವಬೇಕು. ಪೂರ್ತಿ ಆರಿದ ಮೇಲೆಯೇ ಮಜ್ಜಿಗೆ. ಬಿಸಿಯಲ್ಲಿ ಹಾಕಿದರೆ ಒಡೆಯುತ್ತದೆ. ಉಪ್ಪು, ಜೀರಿಗೆ, ನಂಚಿಕೊಳ್ಳಲು ಹಸಿ ಉಳ್ಳಾಗಡ್ಡಿ. (ಶೇಂಗಾ ಚಟ್ನಿ ಇದ್ದರೆ ನಾನು ಎರಡು ಲೋಟ ಹೆಚ್ಚು ಕುಡಿಯುತ್ತೇನೆ, ಡಾಕ್ಟರಿಗೆ ಹೇಳಬೇಡಿ.)

1950ರ ದಶಕದಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಬಂತು. ಕಂಪ್ಲಿ ಕಡೆ ಭತ್ತದ ಗದ್ದೆಗಳು ಹೆಚ್ಚಾದವು. ಅನ್ನ ಉಣ್ಣುವವನು ದೊಡ್ಡವನು, ಅಂಬಲಿ ಕುಡಿಯುವವನು ಬಡವ ಎನ್ನುವ ಲೆಕ್ಕ ನಮ್ಮ ತಲೆಯಲ್ಲೂ ಕೂತಿತು.

1974ರಲ್ಲಿ ನನಗೆ ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು, ಸಂಡೂರಿನಲ್ಲಿ. ದಿನಾ ಬೆಳಿಗ್ಗೆ ಬಸ್ಸು. ಬೇಸಿಗೆಯಲ್ಲಿ ಅವ್ವ ಮುಚ್ಚಳದ ಡಬ್ಬಿಗೆ ಅಂಬಲಿ ತುಂಬಿ ಕೊಡುತ್ತಿದ್ದಳು. ಜೊತೆಯವರು ಚಪಾತಿ, ಚಿತ್ರಾನ್ನ ಬಿಚ್ಚುವಾಗ ನನಗೆ ಡಬ್ಬಿ ತೆಗೆಯಲು ನಾಚಿಕೆ. ಹಿತ್ತಲ ಬೇವಿನ ಮರದ ಬುಡಕ್ಕೆ ಸುರಿದು, ಡಬ್ಬಿ ತೊಳೆದು, ಹೋಟೆಲಿನಲ್ಲಿ ಇಡ್ಲಿ ತಿಂದು ಬರುತ್ತಿದ್ದೆ. ಹದಿನೈದು ದಿನ ಹೀಗೇ ನಡೆಯಿತು.

ಒಂದು ಸಂಜೆ ಅವ್ವ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ಇಷ್ಟು ಚೊಕ್ಕ ತೊಳೆಯೋದು ನೀ ಯಾವಾಗ ಕಲ್ತಿ?" ಎಂದಳು. ನಾನು ಮಾತಾಡಲಿಲ್ಲ. ಅವಳೂ ಮುಂದೆ ಕೇಳಲಿಲ್ಲ.

ಮರುದಿನ ಎರಡು ಡಬ್ಬಿ ಕೊಟ್ಟಳು. ಒಂದರಲ್ಲಿ ಚಪಾತಿ, ಇನ್ನೊಂದು ಚಿಕ್ಕದರಲ್ಲಿ ಅಂಬಲಿ. "ಚಪಾತಿ ಅವರ ಮುಂದ ತಿನ್ನು. ಇದನ್ನ ಬಸ್ಸಿನ್ಯಾಗ ಕುಡಿ," ಎಂದಳು. ಮನೆಯಲ್ಲಿ ಗೋಧಿ ಹಿಟ್ಟು ಇರಲಿಲ್ಲ. ಬೆಳಿಗ್ಗೆ ಪಕ್ಕದ ಮನೆಯಿಂದ ಕೈಗಡ ತಂದಿದ್ದಳು ಎಂದು ನನಗೆ ಆಮೇಲೆ ಗೊತ್ತಾಯಿತು.

ಆ ದಿನ ಬಸ್ಸು ಹೊಸಪೇಟೆ ದಾಟುವ ಮೊದಲೇ ಚಿಕ್ಕ ಡಬ್ಬಿ ಖಾಲಿಯಾಗಿತ್ತು. ಮಧ್ಯಾಹ್ನ ಚಪಾತಿ ಗಂಟಲಲ್ಲಿ ಇಳಿಯಲಿಲ್ಲ.