ಗೇಮ್ ಕೊಳ್ಳೋ ಅಂಗಡಿ ಬದಲಿಸಿದೆ

ಏಳು ವರ್ಷದಿಂದ ಗೇಮ್ ಕೊಳ್ತಿದ್ದ ಆನ್‌ಲೈನ್ ಅಂಗಡಿಯೊಂದನ್ನು ಕಳೆದ ತಿಂಗಳು ಬಿಟ್ಟೆ. ದುಡ್ಡು ಕಟ್ ಆಯ್ತು, ಗೇಮ್ ಬರಲಿಲ್ಲ. ಹನ್ನೆರಡು ದಿನ ಸಪೋರ್ಟ್‌ನವರದ್ದು ಒಂದೇ ಉತ್ತರ, 'ಪರಿಶೀಲಿಸುತ್ತಿದ್ದೇವೆ'.

ಹಾಗಾಗಿ ಹೊಸ ಅಂಗಡಿ ಹುಡುಕುವಾಗ ಮೊದಲು ನೋಡಿದ್ದು ರೇಟ್ ಅಲ್ಲ, ರೀಫಂಡ್ ನಿಯಮ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಏನೇ ಇರಲಿ ದುಡ್ಡು ವಾಪಸ್ ಕೇಳಬಹುದು. ಬೆಲೆಯೂ ರೂಪಾಯಿಯಲ್ಲೇ. ನಮ್ಮ ಹಳೇ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಓಡುತ್ತಾ ಅಂತ ನೋಡೋಕೆ ಅಷ್ಟು ಹೊತ್ತು ಸಾಕು. ಎಪಿಕ್‌ನಲ್ಲೂ ಹೆಚ್ಚುಕಡಿಮೆ ಇದೇ ನಿಯಮ, ಜೊತೆಗೆ ವಾರ ವಾರ ಪುಕ್ಕಟೆ ಗೇಮ್. ಅದನ್ನೆಲ್ಲ ಆಡೋಕೆ ಟೈಮ್ ಎಲ್ಲಿದೆ ಅನ್ನೋದು ಬೇರೆ ಮಾತು!

ಆದ್ರೆ ಒಂದು ವಿಷಯ ನೋಡಿ. ಇಲ್ಲೆಲ್ಲ ನಾವು ಕೊಳ್ಳೋದು ಗೇಮ್ ಅಲ್ಲ, ಆಡೋಕೆ ಲೈಸೆನ್ಸ್. 2024ರಿಂದ ಸ್ಟೀಮ್ ತನ್ನ ಕಾರ್ಟ್‌ನಲ್ಲೇ ಹಾಗಂತ ಬರೆದಿದೆ. ಅಕೌಂಟ್ ಹೋದರೆ ವರ್ಷಗಟ್ಟಲೆ ಕೊಂಡದ್ದೆಲ್ಲ ಅದರ ಜೊತೆಗೇ ಹೋಗಬಹುದು. ಜಿಒಜಿ ಹಾಗಲ್ಲ. ಇನ್‌ಸ್ಟಾಲರ್ ಫೈಲನ್ನೇ ಡೌನ್‌ಲೋಡ್ ಮಾಡಿ ಹಾರ್ಡ್‌ಡಿಸ್ಕ್‌ಗೆ ಹಾಕಿಟ್ಟುಕೊಂಡರೆ ಲಾಗಿನ್ ಬೇಡ, ನೆಟ್ ಬೇಡ, ನಾಳೆ ಆ ಅಂಗಡಿಯೇ ಮುಚ್ಚಿದರೂ ಆಡಬಹುದು. ಹೊಸ ದೊಡ್ಡ ಗೇಮ್‌ಗಳು ಮಾತ್ರ ಅಲ್ಲಿಗೆ ತಡವಾಗಿ ಬರುತ್ತವೆ, ಕೆಲವು ಬರೋದೇ ಇಲ್ಲ.

ಅರ್ಧ ರೇಟಿಗೆ ಕೀ ಮಾರೋ ಸೈಟುಗಳ ಸಹವಾಸ ಬೇಡ. ಕದ್ದ ಕಾರ್ಡಿನಲ್ಲಿ ಕೊಂಡ ಕೀ ಆಗಿದ್ದು, ಕಂಪನಿ ಅದನ್ನು ರದ್ದು ಮಾಡಿದರೆ ಕೇಳೋರಿಲ್ಲ.

ಸದ್ಯಕ್ಕೆ ನಾನು ಗೆಳೆಯರ ಜೊತೆ ಆಡೋದನ್ನ ಸ್ಟೀಮ್‌ನಲ್ಲಿ, ಒಬ್ಬನೇ ಕೂತು ಮತ್ತೆ ಮತ್ತೆ ಆಡೋದನ್ನ ಜಿಒಜಿಯಲ್ಲಿ ಕೊಳ್ತಿದ್ದೀನಿ. 'ದಿ ವಿಚರ್ 3' ಆಗಲೇ ಹಾರ್ಡ್‌ಡಿಸ್ಕ್ ಸೇರಿದೆ.